ಮಡಿದ ಸೈನಿಕರ ಸ್ಮರಣೆ, ಮರಳಿ ಬಂದವರ ಹೊರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದಲ್ಲಿ ಮಡಿದವರನ್ನು ಹೇಗೆ ನೆನೆಯಬೇಕು, ಅವರ ಪಕ್ಕದಲ್ಲೇ ಹೋರಾಡಿ ಜೀವಂತ ಮರಳಿದವರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳುವವರಲ್ಲಿ ಸೈನಿಕರ ಮಡದಿಯರಿದ್ದಾರೆ, ಮಕ್ಕಳಿದ್ದಾರೆ, ಸ್ಮರಣೆಯ ಕಾರ್ಯಕ್ರಮ ಏರ್ಪಡಿಸುವ ಶಿಕ್ಷಕರಿದ್ದಾರೆ. ಕೆಲವೊಮ್ಮೆ ನಿವೃತ್ತ ಯೋಧರೇ ಕೇಳುತ್ತಾರೆ, ಅದೂ ಬೇರೆ ಯಾರದೋ ಪರವಾಗಿ ಕೇಳುವಂತೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸತ್ತವರ ಸ್ಮರಣೆ ಒಂದು ವಿಷಯ, ಬದುಕಿರುವವರ ಆರೋಗ್ಯ ಇನ್ನೊಂದು ವಿಷಯ. ಎರಡನ್ನೂ ಒಟ್ಟಿಗೆ ಏಕೆ ಹೇಳುತ್ತೀರಿ?

ಹ್ಯಾರಿ ಪ್ಯಾಚ್ ಅವರ ಬದುಕು ಈ ಪ್ರಶ್ನೆಗೆ ನನ್ನ ಉತ್ತರ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೋರಾಡಿದ ಬ್ರಿಟಿಷ್ ಸೈನಿಕರ ಪೈಕಿ ಎಲ್ಲರಿಗಿಂತ ಕೊನೆಯವರೆಗೆ ಬದುಕಿದ್ದವರು ಅವರು. 1917ರ ಸೆಪ್ಟೆಂಬರ್ 22ರಂದು ಬೆಲ್ಜಿಯಂನ ಪ್ಯಾಶೆಂಡೇಲ್ ಕದನದಲ್ಲಿ ಅವರ ತಲೆಯ ಮೇಲೆ ಶೆಲ್ ಒಂದು ಸಿಡಿಯಿತು. ಅದೇ ಮೆಷಿನ್ ಗನ್ ತಂಡದ ಮೂವರು ಗೆಳೆಯರು ಸತ್ತರು, ಪ್ಯಾಚ್ ಗಾಯಗೊಂಡು ಉಳಿದರು. ಊರಿಗೆ ಮರಳಿ ಕೊಳಾಯಿ ಕೆಲಸ ಮಾಡಿದರು, ಮದುವೆಯಾದರು, ಮಕ್ಕಳನ್ನು ಬೆಳೆಸಿದರು. ಯುದ್ಧದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಅವರು ಬಾಯಿ ತೆರೆದದ್ದು 1998ರಲ್ಲಿ, ನೂರು ವರ್ಷ ತುಂಬಿದ ಮೇಲೆ. ದೇಶವೆಲ್ಲ ನವೆಂಬರ್ 11ರಂದು ಹೂವಿಟ್ಟು ಸ್ಮರಿಸುತ್ತಿದ್ದರೆ, ಅವರ ಪಾಲಿಗೆ ಸ್ಮರಣೆಯ ದಿನ ಸೆಪ್ಟೆಂಬರ್ 22 ಆಗಿತ್ತು. 2009ರಲ್ಲಿ, 111ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಮೂವರ ಹೆಸರು ಯಾವುದೋ ಕಲ್ಲಿನ ಮೇಲೋ ದಾಖಲೆಯಲ್ಲೋ ಇದ್ದೇ ಇರುತ್ತದೆ. ಆದರೆ ಅವರ ದನಿ, ಅವರ ನಗು, ಅವರ ಕೊನೆಯ ಗಳಿಗೆ ಇದ್ದದ್ದು ಒಬ್ಬನೇ ಮನುಷ್ಯನಲ್ಲಿ. ತೊಂಬತ್ತು ವರ್ಷಕ್ಕೂ ಮಿಗಿಲಾಗಿ ಅವನೊಬ್ಬನೇ ಅದನ್ನು ಹೊತ್ತುಕೊಂಡಿದ್ದ. ಮಡಿದವರ ನಿಜವಾದ ನೆನಪು ಇರುವುದು ಮರಳಿ ಬಂದವರ ಬಳಿಯೇ ಆದ್ದರಿಂದ, ಅವರನ್ನು ಒಂಟಿಯಾಗಿ ಬಿಟ್ಟು ಸ್ಮಾರಕಕ್ಕೆ ಮಾತ್ರ ನಮಸ್ಕರಿಸುವುದನ್ನು ನಾನು ಪೂರ್ಣ ಸ್ಮರಣೆ ಎಂದು ಒಪ್ಪಲಾರೆ.

ಮಡಿದ ಪ್ರತಿಯೊಬ್ಬ ಸೈನಿಕನ ಹೆಸರನ್ನೂ ಬರೆಯುವ ಪದ್ಧತಿ ಎಂದಿನಿಂದ ಇದೆ?

ಬಹಳ ಹಳೆಯದು, ಆದರೆ ನಡುವೆ ದೀರ್ಘ ಕಾಲ ಕಡಿದುಹೋಗಿತ್ತು. ಸುಮಾರು 2,500 ವರ್ಷಗಳ ಹಿಂದೆ ಅಥೆನ್ಸ್ ನಗರ ಕದನದಲ್ಲಿ ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಿತ್ತು. ಆ ಪಟ್ಟಿಗಳಲ್ಲಿ ತಂದೆಯ ಹೆಸರು ಇರುತ್ತಿರಲಿಲ್ಲ. ಸಿರಿವಂತನ ಮಗನೂ ಬಡವನ ಮಗನೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಸತ್ತವರ ಎಲುಬುಗಳನ್ನು ಕುಲಕ್ಕೊಂದರಂತೆ ಪೆಟ್ಟಿಗೆಗಳಲ್ಲಿ ಇಟ್ಟು ಮೆರವಣಿಗೆ ಮಾಡುವಾಗ, ಹೆಣ ಸಿಗದವರಿಗಾಗಿ ಒಂದು ಖಾಲಿ ಚಟ್ಟವನ್ನೂ ಹೊತ್ತು ನಡೆಯುತ್ತಿದ್ದರು ಎಂದು ಇತಿಹಾಸಕಾರ ಥ್ಯುಸಿಡೈಡಿಸ್ ದಾಖಲಿಸಿದ್ದಾನೆ.

ಅಲ್ಲಿಂದ 1815ರ ವಾಟರ್ಲೂ ಕದನಕ್ಕೆ ಬಂದರೆ ಚಿತ್ರವೇ ಬೇರೆ. ಸಾಮಾನ್ಯ ಸಿಪಾಯಿಗಳನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಾಗಿ ಹೂಳಲಾಯಿತು, ಹೆಸರು ಉಳಿದದ್ದು ಬಹುತೇಕ ಅಧಿಕಾರಿಗಳದ್ದು. ಪರಿಸ್ಥಿತಿ ದೊಡ್ಡ ಪ್ರಮಾಣದಲ್ಲಿ ಬದಲಾದದ್ದು ಮೊದಲ ಮಹಾಯುದ್ಧದಲ್ಲಿ. 1917ರಲ್ಲಿ ಬ್ರಿಟನ್ ಯುದ್ಧ ಸಮಾಧಿಗಳಿಗೆಂದೇ ಒಂದು ಆಯೋಗವನ್ನು ರಚಿಸಿತು; ಇಂದು ಅದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎನ್ನುತ್ತಾರೆ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಸ್ಮರಣೆ ಅದರ ಹೊಣೆ. ಪ್ರತಿಯೊಬ್ಬನಿಗೂ ಹೆಸರು, ದರ್ಜೆಯಾಗಲಿ ಜನಾಂಗವಾಗಲಿ ಧರ್ಮವಾಗಲಿ ಭೇದಕ್ಕೆ ಕಾರಣವಾಗದಂತೆ ಒಂದೇ ಬಗೆಯ ಗೌರವ ಎಂಬುದು ಅದರ ನಿಯಮ.

ನಿಯಮ ಎಲ್ಲ ಕಡೆ ಪಾಲನೆಯಾಗಲಿಲ್ಲ. ಆಯೋಗವೇ ನೇಮಿಸಿದ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಮೊದಲ ಮಹಾಯುದ್ಧದಲ್ಲಿ ಮಡಿದ 45,000ದಿಂದ 54,000 ಮಂದಿಗೆ, ಅವರಲ್ಲಿ ಹೆಚ್ಚಿನವರು ಭಾರತ, ಆಫ್ರಿಕಾ ಮತ್ತು ಈಜಿಪ್ಟ್‌ನವರು, ಸಮಾನ ಸ್ಮರಣೆ ಸಿಕ್ಕಿರಲಿಲ್ಲ. ಇನ್ನೂ ಕನಿಷ್ಠ 1,16,000 ಮಂದಿಯ ಹೆಸರೇ ಎಲ್ಲೂ ಇರಲಿಲ್ಲ. ಆಯೋಗ ಕ್ಷಮೆ ಕೇಳಿತು. ಒಂದು ಹೆಸರು ಬಿಟ್ಟುಹೋದರೆ ಏನಾಯಿತು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಆ ಹೆಸರಿಗೆ ಒಬ್ಬ ತಾಯಿ ಇದ್ದಳು, ಅವಳಿಗೆ ಹೋಗಿ ನಿಲ್ಲಲು ಒಂದು ಜಾಗವಿರಲಿಲ್ಲ.

ಎರಡು ನಿಮಿಷದ ಮೌನಾಚರಣೆ ಯಾವಾಗ ಶುರುವಾಯಿತು?

1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧದ ಕದನ ವಿರಾಮ ಜಾರಿಗೆ ಬಂತು. ಅದರ ಮೊದಲ ವಾರ್ಷಿಕದಂದು, 1919ರಲ್ಲಿ, ಬ್ರಿಟನ್ ಮತ್ತು ಅದರ ಸಾಮ್ರಾಜ್ಯದಲ್ಲಿ ಎರಡು ನಿಮಿಷ ಮೌನ ಆಚರಿಸಲಾಯಿತು. ಮುಂದೆ ಬೇರೆ ಬೇರೆ ದೇಶಗಳು ಅದನ್ನು ತಮ್ಮದಾಗಿಸಿಕೊಂಡವು.

ಗುರುತು ಸಿಗದ ಸೈನಿಕನಿಗೆ ಸಮಾಧಿ ಏಕೆ? ಅಲ್ಲಿರುವುದು ಯಾರೆಂದೇ ತಿಳಿಯದಲ್ಲ?

ಯಾರೆಂದು ತಿಳಿಯದಿರುವುದರಿಂದಲೇ ಅದು ಎಲ್ಲರದ್ದೂ ಆಯಿತು. 1920ರ ನವೆಂಬರ್ 11ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಒಬ್ಬ ಅಜ್ಞಾತ ಯೋಧನನ್ನು ಹೂಳಲಾಯಿತು. ಅದೇ ದಿನ ಪ್ಯಾರಿಸ್ಸಿನ ವಿಜಯ ಕಮಾನಿಗೆ ಇನ್ನೊಬ್ಬ ಅಜ್ಞಾತ ಸೈನಿಕನ ಶರೀರವನ್ನು ತರಲಾಯಿತು. ಬೆಲ್ಜಿಯಂನ ಇಪ್ರ ಪಟ್ಟಣದ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರವೊಂದರ ಮೇಲೆಯೇ ಸಮಾಧಿ ಎಲ್ಲಿದೆ ಎಂದು ತಿಳಿಯದ 54,000ಕ್ಕೂ ಹೆಚ್ಚು ಸೈನಿಕರ ಹೆಸರಿದೆ. 1928ರಿಂದ ಪ್ರತಿ ಸಂಜೆ 8 ಗಂಟೆಗೆ ಅಲ್ಲಿ ಕಹಳೆ ಊದುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ವರ್ಷಗಳನ್ನು ಬಿಟ್ಟರೆ ಅದು ನಿಂತಿಲ್ಲ. ಇಷ್ಟು ಮಂದಿಯ ಮನೆಯವರ ಪೈಕಿ ಯಾರು ಬೇಕಾದರೂ ಅಜ್ಞಾತನ ಸಮಾಧಿಯ ಮುಂದೆ ನಿಂತು 'ಇವನು ನನ್ನ ಮಗನೇ ಇರಬಹುದು' ಎಂದುಕೊಳ್ಳಬಹುದಿತ್ತು.

ಕಾಣೆಯಾದವರ ಮನೆಯವರ ದುಃಖಕ್ಕೆ ಬೇರೆಯದೇ ಲಕ್ಷಣವಿದೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳೊಂದಿಗೆ ಕೆಲಸ ಮಾಡಿದ ಪೌಲಿನ್ ಬಾಸ್ ಎಂಬ ಅಮೆರಿಕದ ಚಿಕಿತ್ಸಕಿ, ಇದ್ದಾನೋ ಇಲ್ಲವೋ ತಿಳಿಯದ ನಷ್ಟವನ್ನು ಪ್ರತ್ಯೇಕವಾಗಿ ಗುರುತಿಸಿದರು. ಹೆಣವಿಲ್ಲದೆ ಅಳು ಮುಗಿಯುವುದಿಲ್ಲ. ಉತ್ತರ ಕೊರಿಯಾ 2018ರಲ್ಲಿ 55 ಪೆಟ್ಟಿಗೆ ಅಸ್ಥಿ ಅವಶೇಷಗಳನ್ನು ಅಮೆರಿಕಕ್ಕೆ ಹಿಂದಿರುಗಿಸಿತು. ಕೊರಿಯಾ ಯುದ್ಧ ನಿಂತು 65 ವರ್ಷಗಳಾದ ಮೇಲೂ ಆ ಎಲುಬುಗಳ ಡಿಎನ್‌ಎ ಪರೀಕ್ಷೆಗಾಗಿ ಕಾಯುತ್ತಿದ್ದ ಕುಟುಂಬಗಳಿದ್ದವು.

ಸ್ಮಾರಕದಲ್ಲಿ ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆದರೇನು? ವರ್ಣಮಾಲೆಯ ಕ್ರಮ ಸುಲಭವಲ್ಲವೇ?

ಹುಡುಕಲು ಸುಲಭ, ನಿಜ. ಆದರೆ ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕವನ್ನು ನೋಡಿ. ಮಾಯಾ ಲಿನ್ ಅದರ ವಿನ್ಯಾಸ ಸಲ್ಲಿಸಿದಾಗ ಇನ್ನೂ ವಿದ್ಯಾರ್ಥಿನಿ, ವಯಸ್ಸು 21. ಸ್ಮಾರಕ 1982ರಲ್ಲಿ ಲೋಕಾರ್ಪಣೆಯಾಯಿತು. 58,000ಕ್ಕೂ ಹೆಚ್ಚು ಹೆಸರುಗಳು ಅಲ್ಲಿ ಮಡಿದ ದಿನಾಂಕದ ಕ್ರಮದಲ್ಲಿವೆ. ಹಾಗಾಗಿ ಒಂದೇ ದಿನ, ಒಂದೇ ಹೊಂಚುದಾಳಿಯಲ್ಲಿ ಸತ್ತ ಜೊತೆಗಾರರು ಕಲ್ಲಿನ ಮೇಲೂ ಅಕ್ಕಪಕ್ಕದಲ್ಲೇ ಇದ್ದಾರೆ. ಮರಳಿ ಬಂದವನೊಬ್ಬ ಅಲ್ಲಿಗೆ ಹೋದರೆ ತನ್ನ ಸೇವೆಯ ದಿನಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಿಟ್ಟು ಓದಬಹುದು. ತನ್ನ ಹೆಸರು ಬರಬೇಕಾಗಿದ್ದ ಜಾಗವನ್ನೂ ಗುರುತಿಸಬಹುದು. ನುಣುಪಾದ ಕಪ್ಪು ಕಲ್ಲಿನಲ್ಲಿ ಹೆಸರುಗಳ ನಡುವೆ ಅವನ ಮುಖವೇ ಪ್ರತಿಫಲಿಸುತ್ತದೆ. (ಆ ಕಪ್ಪು ಕಲ್ಲು ಹೋದದ್ದು ಬೆಂಗಳೂರಿನಿಂದ ಎಂಬುದು ಬಹಳ ಕನ್ನಡಿಗರಿಗೆ ಗೊತ್ತಿಲ್ಲ.)

2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳು ತ್ಯಾಗ ಚಕ್ರದ ಗೋಡೆಗಳಲ್ಲಿವೆ. ಅಲ್ಲೂ ಜನ ಮೊದಲು ಮಾಡುವುದು ಒಂದೇ ಕೆಲಸ: ತಮ್ಮವರ ಹೆಸರನ್ನು ಹುಡುಕಿ ಅದನ್ನು ಮುಟ್ಟುವುದು.

ಜೀವಂತ ಮರಳಿದ್ದಕ್ಕೆ ಸಂತೋಷಪಡಬೇಕಲ್ಲವೇ? ಅವರೇಕೆ ತಪ್ಪು ಮಾಡಿದವರಂತೆ ಕೊರಗುತ್ತಾರೆ?

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ಕೇಳುವವರು ಸಾಮಾನ್ಯವಾಗಿ ಮನೆಯವರೇ. 'ದೇವರು ಉಳಿಸಿದ' ಎಂದು ಅವರು ಹೇಳಿದಾಗಲೆಲ್ಲ ಎದುರಿಗಿರುವವರು ಮುಖ ತಿರುಗಿಸಿಕೊಂಡಿರುತ್ತಾರೆ.

ಯುದ್ಧಭೂಮಿಯಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಅತ್ಯಂತ ಸಣ್ಣ ಸಂಗತಿಗಳು. ಆ ದಿನ ಗಸ್ತಿಗೆ ಹೋಗಬೇಕಾದವನು ಜ್ವರವೆಂದು ಮಲಗಿದ, ಬದಲಿಗೆ ಇನ್ನೊಬ್ಬ ಹೋದ. ಜೀಪಿನಲ್ಲಿ ಇಬ್ಬರು ಸೀಟು ಬದಲಾಯಿಸಿಕೊಂಡರು. ನೀರು ತುಂಬಿಕೊಳ್ಳಲು ಹತ್ತು ಹೆಜ್ಜೆ ಆಚೆ ಹೋದಾಗ ಶೆಲ್ ಬಿತ್ತು. ಇಂಥ ಆಕಸ್ಮಿಕವನ್ನು ಮನಸ್ಸು ಆಕಸ್ಮಿಕವೆಂದು ಒಪ್ಪುವುದಿಲ್ಲ, ಕಾರಣ ಹುಡುಕುತ್ತದೆ. ಹುಡುಕಿದಾಗ ಕೈಗೆ ಸಿಗುವ ಆರೋಪಿ ಒಬ್ಬನೇ, ಅದು ತಾನೇ. 'ನಾನು ಹೋಗಿದ್ದರೆ ಅವನು ಇರುತ್ತಿದ್ದ' ಎಂಬ ವಾಕ್ಯ ಆಮೇಲೆ ದಿನಕ್ಕೆ ಎಷ್ಟು ಸಲ ಸುಳಿಯುತ್ತದೆಯೋ ಲೆಕ್ಕವಿಲ್ಲ.

ಇನ್ನೊಂದು ಕಾರಣ ತರಬೇತಿಯಲ್ಲೇ ಇದೆ. ಜೊತೆಗಾರನನ್ನು ಬಿಟ್ಟು ಬರಬಾರದು ಎಂಬುದನ್ನು ಸೈನಿಕನಿಗೆ ಮೊದಲ ದಿನದಿಂದ ಕಲಿಸುತ್ತಾರೆ. ಒಂದೇ ಕಂದಕದಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಮನೆಯಿಂದ ಬಂದ ಪತ್ರಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿದವರ ನಡುವಿನ ಬಾಂಧವ್ಯ ಒಡಹುಟ್ಟಿದವರ ನಡುವೆಯೂ ಅಪರೂಪ. ಅಂಥವನನ್ನು ಅಲ್ಲಿ ಬಿಟ್ಟು ತಾನು ಮನೆಗೆ ಬಂದದ್ದು, ಎಷ್ಟೇ ಅನಿವಾರ್ಯವಾಗಿದ್ದರೂ, ಒಳಗೆ ಮಾತು ಮುರಿದಂತೆ ದಾಖಲಾಗುತ್ತದೆ. ತಂಡದ ನಾಯಕನಾಗಿದ್ದವನಿಗೆ ಇದು ಇನ್ನೂ ಭಾರ. ಆಜ್ಞೆ ಕೊಟ್ಟದ್ದು ಅವನ ಬಾಯಿ.

ಹಾಗಾಗಿ ಹುಟ್ಟುಹಬ್ಬ, ಮಗಳ ಮದುವೆ, ಮೊಮ್ಮಗನ ಮೊದಲ ಹೆಜ್ಜೆ ಇವುಗಳ ನಡುವೆ ಇದ್ದಕ್ಕಿದ್ದಂತೆ ಅವರು ಎದ್ದು ಹೊರಗೆ ಹೋದರೆ ಆಶ್ಚರ್ಯಪಡಬೇಡಿ. ಆ ಗೆಳೆಯನಿಗೆ ಮಗಳ ಮದುವೆ ನೋಡಲು ಸಿಗಲಿಲ್ಲ ಎಂಬುದು ಅವರಿಗೆ ನೆನಪಾಗಿರುತ್ತದೆ. 'ನಿಮ್ಮ ತಪ್ಪಿಲ್ಲ' ಎಂದು ತಕ್ಷಣ ವಾದ ಮಾಡಿದರೆ ಆ ಕೊರಗು ಬಗೆಹರಿಯುವುದಿಲ್ಲ. ಮಾತು ಅಲ್ಲಿಗೇ ಮುಚ್ಚಿಹೋಗುತ್ತದೆ ಅಷ್ಟೇ. 'ಅವರು ಎಂಥ ಮನುಷ್ಯರಾಗಿದ್ದರು?' ಎಂದು ಕೇಳಿ. ಸತ್ತ ಗೆಳೆಯನ ಬಗ್ಗೆ ಮಾತನಾಡಲು ಅವಕಾಶ ಸಿಕ್ಕವರ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ.

ಪಿಟಿಎಸ್‌ಡಿ ಎಂದರೆ ಏನು? ಮನಸ್ಸು ಗಟ್ಟಿಯಿಲ್ಲದವರಿಗೆ ಬರುತ್ತದೆಯೇ?

ಜೀವಕ್ಕೆ ಅಪಾಯ ತಂದ ಅಥವಾ ಕಣ್ಣೆದುರು ಸಾವು ತಂದ ಘಟನೆಯ ನಂತರ ಬರುವ ಒಂದು ಕಾಯಿಲೆ ಇದು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು. ಘಟನೆ ಮತ್ತೆ ಮತ್ತೆ ಕನಸಾಗಿ, ಕೆಲವೊಮ್ಮೆ ಎಚ್ಚರವಿದ್ದಾಗಲೂ ಈಗಲೇ ನಡೆಯುತ್ತಿರುವಂತೆ ಮರಳಿ ಬರುವುದು. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಸರಿಯುವುದು. ಯಾವುದರಲ್ಲೂ ಸಂತೋಷ ಕಾಣದೆ ಹತ್ತಿರದವರಿಂದಲೂ ಬೇರ್ಪಟ್ಟಂತೆ ಅನ್ನಿಸುವುದು. ಸದಾ ಕಾವಲಿನಲ್ಲಿರುವಂತೆ ಮೈ ಬಿಗಿಯಾಗಿರುವುದು, ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು ಇದರ ಮುಖ್ಯ ಲಕ್ಷಣಗಳು. ಇವು ಒಂದು ತಿಂಗಳಿಗೂ ಹೆಚ್ಚು ಉಳಿದು ದಿನನಿತ್ಯದ ಬದುಕನ್ನು ಕೆಡಿಸಿದರೆ ವೈದ್ಯರು ಕಾಯಿಲೆ ಎಂದು ಗುರುತಿಸುತ್ತಾರೆ.

ಮನಸ್ಸಿನ ಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಅತಿ ಹೆಚ್ಚು ಪದಕ ಪಡೆದ ಸೈನಿಕರಲ್ಲಿ ಒಬ್ಬರಾದ ಆಡಿ ಮರ್ಫಿ ವರ್ಷಗಟ್ಟಲೆ ದಿಂಬಿನ ಕೆಳಗೆ ಪಿಸ್ತೂಲಿಟ್ಟುಕೊಂಡು ಮಲಗುತ್ತಿದ್ದರು. ಮುಂದೆ ತಮ್ಮ ನಿದ್ರಾಹೀನತೆಯನ್ನು ಬಹಿರಂಗವಾಗಿ ಹೇಳಿಕೊಂಡು, ಯುದ್ಧದಿಂದ ಮರಳಿದವರ ಮನಸ್ಸಿನ ಬಗ್ಗೆ ಸರ್ಕಾರ ಅಧ್ಯಯನ ನಡೆಸಲಿ ಎಂದು ಒತ್ತಾಯಿಸಿದರು.

ಗಟ್ಟಿತನದ ಈ ಮಾತು ಜೀವಗಳನ್ನೇ ತೆಗೆದಿದೆ ಎಂಬುದನ್ನು ಮರೆಯಬಾರದು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಶೆಲ್ ಶಾಕ್', ಅಂದರೆ ಕದನದ ಆಘಾತದಿಂದ ಸೈನಿಕರ ಮನಸ್ಸು ಕುಸಿಯುವ ಸ್ಥಿತಿಯ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆದರೂ ಆ ಯುದ್ಧದಲ್ಲಿ ಹೇಡಿತನ, ಓಡಿಹೋಗುವುದು ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಕ್ಕಿ ಕೊಂದಿತು. ಅವರಲ್ಲಿ ಕೆಲವರು ಶೆಲ್ ಶಾಕ್‌ನಿಂದ ನರಳುತ್ತಿದ್ದವರು. ಹಾಗೆ ಗುಂಡಿಗೆ ಬಲಿಯಾದವರಲ್ಲಿ 306 ಮಂದಿಗೆ 2006ರಲ್ಲಿ ಕ್ಷಮಾದಾನ ಘೋಷಿಸಲಾಯಿತು. ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿಯನ್ನು ಅಧಿಕೃತ ಪಟ್ಟಿಗೆ ಸೇರಿಸಿದ್ದು 1980ರಲ್ಲಿ, ಅದೂ ವಿಯೆಟ್ನಾಂನಿಂದ ಮರಳಿದವರು ಮತ್ತು ಅವರ ಪರ ನಿಂತ ವೈದ್ಯರು ಪಟ್ಟುಹಿಡಿದ ಮೇಲೆ.

ಯುದ್ಧ ಕಂಡ ಎಲ್ಲರಿಗೂ ಈ ಕಾಯಿಲೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ನಿವೃತ್ತ ಯೋಧರನ್ನೂ ರೋಗಿಯಂತೆ, ಅಪಾಯಕಾರಿಯಂತೆ ನೋಡುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ.

'ನೈತಿಕ ಗಾಯ' ಎಂದು ಕೇಳಿದ್ದೇನೆ. ಅದೂ ಪಿಟಿಎಸ್‌ಡಿಯೂ ಒಂದೆಯೇ?

ಬೇರೆ ಬೇರೆ, ಒಟ್ಟಿಗೂ ಬರಬಹುದು. ಪಿಟಿಎಸ್‌ಡಿಯ ಬುಡದಲ್ಲಿ ಹೆಚ್ಚಾಗಿ ಭಯವಿರುತ್ತದೆ. ನೈತಿಕ ಗಾಯದ ಬುಡದಲ್ಲಿ ನಾಚಿಕೆ, ಪಶ್ಚಾತ್ತಾಪ ಅಥವಾ ದ್ರೋಹವಾಯಿತೆಂಬ ಸಿಟ್ಟು. ತಾನು ಸರಿ ಎಂದು ನಂಬಿದ್ದಕ್ಕೆ ವಿರುದ್ಧವಾದುದನ್ನು ಮಾಡಿದಾಗ, ತಡೆಯಲಾಗದೆ ನೋಡುತ್ತ ನಿಂತಾಗ, ಅಥವಾ ನಂಬಿದ ಮೇಲಧಿಕಾರಿಯೇ ಕೈಬಿಟ್ಟಾಗ ಆಗುವ ಗಾಯ ಇದು. ಅಮೆರಿಕದ ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಯೋಧರ ಚಿಕಿತ್ಸೆಯ ಅನುಭವದಿಂದ 1990ರ ದಶಕದಲ್ಲಿ ಈ ಮಾತನ್ನು ಮುನ್ನೆಲೆಗೆ ತಂದರು.

ಇಂಥವರಿಗೆ 'ನೀವು ಹೀರೋ' ಎಂಬ ಹೊಗಳಿಕೆ ಚುಚ್ಚುತ್ತದೆ. ಅವರು ಮಾಡಿದ್ದೇನೆಂದು ಅವರಿಗೆ ಗೊತ್ತು, ಹೊಗಳುವವರಿಗೆ ಗೊತ್ತಿಲ್ಲ.

ನಮ್ಮ ತಂದೆ ಮೂವತ್ತು ವರ್ಷ ಚೆನ್ನಾಗಿಯೇ ಇದ್ದರು. ನಿವೃತ್ತಿಯಾದ ಮೇಲೆ ಕೆಟ್ಟ ಕನಸುಗಳು ಶುರುವಾಗಿವೆ. ಇದು ಸಾಧ್ಯವೇ?

ಸಾಧ್ಯ, ಅಪರೂಪವೂ ಅಲ್ಲ. ದುಡಿಮೆ, ಮಕ್ಕಳ ಓದು, ಮನೆ ಕಟ್ಟುವುದು ಇವೆಲ್ಲ ಇಷ್ಟು ವರ್ಷ ನೆನಪಿಗೆ ಅಡ್ಡವಾಗಿ ನಿಂತಿದ್ದವು. ಈಗ ಹಗಲು ಖಾಲಿ, ರಾತ್ರಿ ಉದ್ದ. ಹಳೆಯ ತುಕಡಿಯ ಗೆಳೆಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಪ್ರತಿ ಸಾವೂ ಹಿಂದಿನ ಸಾವನ್ನು ಎಬ್ಬಿಸುತ್ತದೆ. ಸಂಗಾತಿಯ ಅಗಲಿಕೆ, ಶಸ್ತ್ರಚಿಕಿತ್ಸೆ, ಟಿವಿಯಲ್ಲಿ ಹೊಸ ಯುದ್ಧದ ದೃಶ್ಯಗಳು ಕೂಡ ಕಾರಣವಾಗಬಹುದು. ಮುಪ್ಪಿನಲ್ಲಿ ಹೊಸ ಮರೆವು ಬಂದರೂ ಹಳೆಯ ನೆನಪು ಗಟ್ಟಿಯಾಗಿರುವುದರಿಂದ, ಕೆಲವರು ತಾವು ಮತ್ತೆ ಗಡಿಯಲ್ಲಿದ್ದೇವೆ ಎಂದೇ ವರ್ತಿಸುತ್ತಾರೆ. ವಯಸ್ಸಾಯಿತು ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಅವರು ಯುದ್ಧ ಕಂಡವರು ಎಂಬುದನ್ನು ಮೊದಲೇ ತಿಳಿಸಿ. ಎಷ್ಟೋ ಕಡೆ ವೈದ್ಯರು ಕೇಳುವುದೇ ಇಲ್ಲ, ಇವರು ಹೇಳುವುದೂ ಇಲ್ಲ.

ಮನೆಯವರು ಏನು ಮಾಡಬಹುದು?

ಮೊದಲನೆಯದಾಗಿ, ಕೆಟ್ಟ ಕನಸಿನಿಂದ ಕನವರಿಸುವವರನ್ನು ಮೈ ಅಲುಗಾಡಿಸಿ ಎಬ್ಬಿಸಬೇಡಿ. ದೂರದಿಂದ, ಹೆಸರು ಹಿಡಿದು, ಮೆಲ್ಲಗೆ ಕರೆಯಿರಿ. ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಎಂದು ಹೇಳಿ. ಹಠಾತ್ತನೆ ಮುಟ್ಟಿದರೆ ಅರೆ ಎಚ್ಚರದಲ್ಲಿ ಕೈ ಬೀಸಬಹುದು, ಆಮೇಲೆ ಆ ನಾಚಿಕೆ ಇನ್ನೊಂದು ಭಾರವಾಗುತ್ತದೆ.

ಅವರಿಗೆ ಕಷ್ಟವಾಗುವ ದಿನಾಂಕಗಳನ್ನು ತಿಳಿದುಕೊಳ್ಳಿ. ದೇಶ ಆಚರಿಸುವ ದಿನವೇ ಅದಾಗಿರಬೇಕಿಲ್ಲ. ವರ್ಷದಲ್ಲಿ ಒಂದು ವಾರ ಕಾರಣವಿಲ್ಲದೆ ಸಿಡುಕುತ್ತಾರೆ ಎಂದು ನೀವು ಭಾವಿಸಿದ್ದರೆ, ಆ ವಾರದಲ್ಲಿ ಹಿಂದೊಮ್ಮೆ ಏನೋ ನಡೆದಿರುವ ಸಾಧ್ಯತೆ ಹೆಚ್ಚು.

ಕುಡಿತದ ವಿಷಯದಲ್ಲಿ ಸ್ಪಷ್ಟವಾಗಿರಿ. ನಿದ್ದೆಗೆಂದು ಶುರುವಾದ ಮದ್ಯ ನಿದ್ದೆಯನ್ನೇ ಕೆಡಿಸುತ್ತದೆ, ಕೊರಗನ್ನು ಹೆಚ್ಚಿಸುತ್ತದೆ. ಬೈಗುಳದಿಂದ ಇದು ಬಿಡುವುದಿಲ್ಲ, ವೈದ್ಯರ ನೆರವು ಬೇಕು.

ಮಡದಿಯರಿಗೆ ಒಂದು ಮಾತು. ಮನೆಯಲ್ಲಿ ಸದ್ದಾಗದಂತೆ, ಮಕ್ಕಳು ರೇಗಿಸದಂತೆ, ನೆಂಟರು ತಪ್ಪು ತಿಳಿಯದಂತೆ ನೋಡಿಕೊಳ್ಳುತ್ತ ನೀವೂ ವರ್ಷಗಟ್ಟಲೆ ಕಾವಲು ಕಾಯುತ್ತಿದ್ದೀರಿ. ನಿಮಗೆ ಪದಕವಿಲ್ಲ, ಪಿಂಚಣಿಯಲ್ಲಿ ಇದಕ್ಕೊಂದು ಕಲಂ ಇಲ್ಲ. ನಿಮ್ಮ ದಣಿವಿಗೂ ಸಮಾಲೋಚಕರ ಬಳಿ ಹೋಗುವುದು ಸ್ವಾರ್ಥವಲ್ಲ. ಹಿಂಸೆ ನಡೆಯುತ್ತಿದ್ದರೆ, ಅದರ ಹಿಂದೆ ಯುದ್ಧವೇ ಇರಲಿ, ನಿಮ್ಮ ಮತ್ತು ಮಕ್ಕಳ ಸುರಕ್ಷತೆ ಮೊದಲು.

ನಿವೃತ್ತ ಯೋಧರನ್ನು ಏನು ಕೇಳಬಾರದು?

'ಎಷ್ಟು ಜನರನ್ನು ಕೊಂದಿರಿ?' ಎಂದು ಯಾರೂ, ಮಕ್ಕಳು ಕೂಡ, ಕೇಳದಂತೆ ನೋಡಿಕೊಳ್ಳಿ. 'ಈಗ ಅದನ್ನೆಲ್ಲ ಮರೆತುಬಿಡಿ' ಎಂಬುದೂ ಅಷ್ಟೇ ಕೆಟ್ಟದ್ದು. ಮರೆಯುವುದೆಂದರೆ ಗೆಳೆಯನನ್ನು ಮರೆಯುವುದು ಎಂದೇ ಅವರಿಗೆ ಕೇಳಿಸುತ್ತದೆ.

ಚಿಕಿತ್ಸೆಯಿಂದ ಗುಣವಾಗುತ್ತದೆಯೇ? ಆ ನೆನಪುಗಳು ಹೋಗಿಬಿಡುತ್ತವೆಯೇ?

ಬಹಳ ಮಂದಿಗೆ ಗಣನೀಯ ಪರಿಹಾರ ಸಿಗುತ್ತದೆ. ಆಘಾತದ ನೆನಪನ್ನೇ ನೇರವಾಗಿ ಎದುರಿಸುವ ಮಾತಿನ ಚಿಕಿತ್ಸೆಗಳಿಗೆ ಒಳ್ಳೆಯ ಪುರಾವೆಯಿದೆ. ಕೆಲವು ವಿಧಾನಗಳಲ್ಲಿ ಸುರಕ್ಷಿತ ವಾತಾವರಣದಲ್ಲಿ ಘಟನೆಯನ್ನು ಹಂತ ಹಂತವಾಗಿ ಹೇಳಿಸುತ್ತಾರೆ. ಕೆಲವು 'ನನ್ನಿಂದಲೇ ಆಯಿತು' ಎಂಬಂಥ ತೀರ್ಮಾನಗಳನ್ನು ಕೂತು ಪರೀಕ್ಷಿಸುತ್ತವೆ. ಕಣ್ಣುಗಳ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಚಿಕಿತ್ಸೆಯೂ ಇದೆ. ಸರ್ಟ್ರಲೀನ್‌ನಂಥ ಔಷಧಗಳು ಕೆಲವರಿಗೆ ನೆರವಾಗುತ್ತವೆ. ವೈದ್ಯರನ್ನು ಕೇಳದೆ ಅವನ್ನು ಶುರುಮಾಡುವುದೂ ನಿಲ್ಲಿಸುವುದೂ ಬೇಡ. ಮಾತಿನ ಚಿಕಿತ್ಸೆಯ ಮೊದಲ ವಾರಗಳಲ್ಲಿ ಕನಸುಗಳು ಹೆಚ್ಚಾದಂತೆ ಅನ್ನಿಸಬಹುದು, ಅಲ್ಲಿ ಬಿಟ್ಟುಬಿಡುವವರೂ ಹೆಚ್ಚು. ಆ ವಾರಗಳಲ್ಲಿ ಮನೆಯವರು ಜೊತೆಗೆ ಹೋಗಿಬಂದರೆ ದೊಡ್ಡ ಉಪಕಾರ.

ನೆನಪು ಹೋಗುವುದಿಲ್ಲ. ಚಿಕಿತ್ಸೆಗೆ ಒಪ್ಪದ ಎಷ್ಟೋ ಯೋಧರ ಒಳಗಿನ ಅಂಜಿಕೆ ಇದೇ ಎಂದು ನನಗನ್ನಿಸುತ್ತದೆ: ನೋವು ಹೋದರೆ ಅವನೂ ಹೋಗುತ್ತಾನೆ, ನಾನು ಆರಾಮವಾದರೆ ಅವನಿಗೆ ದ್ರೋಹವಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಆಘಾತದ ನೆನಪು ಇಡೀ ಗೆಳೆತನವನ್ನು ಒಂದು ಸ್ಫೋಟದ ಕ್ಷಣಕ್ಕೆ ಕುಗ್ಗಿಸಿರುತ್ತದೆ. ಅದರ ಬಿಗಿ ಸಡಿಲವಾದಾಗ ಉಳಿದದ್ದು ಮರಳಿ ಬರುತ್ತದೆ: ಅವನು ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದದ್ದು, ರಾಗ ತಪ್ಪಿ ಹಾಡುತ್ತಿದ್ದದ್ದು, ತಂಗಿಯ ಮದುವೆಗೆ ಹಣ ಕೂಡಿಡುತ್ತಿದ್ದದ್ದು. ಸತ್ತ ರೀತಿಯ ಹಿಂದೆ ಮರೆಯಾಗಿದ್ದ ಮನುಷ್ಯ ಪೂರ್ತಿಯಾಗಿ ಸಿಗುತ್ತಾನೆ. ಚಿಕಿತ್ಸೆ ಬೇಡವೆನ್ನುವವರಿಗೆ ನಾನು ಹೇಳಬಯಸುವ ಒಂದೇ ಮಾತಿದ್ದರೆ ಅದು ಇದು.

ಸಾಯುವ ಮಾತಾಡಿದರೆ?

ನೇರವಾಗಿ ಕೇಳಿ: 'ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದೆಯೇ?' ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಬಂದೂಕು, ಹೆಚ್ಚು ಮಾತ್ರೆಗಳಿದ್ದರೆ ಬೇರೆಡೆಗೆ ಸಾಗಿಸಿ. ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಬ್ರೌನ್ ವಿಶ್ವವಿದ್ಯಾಲಯದ ಯುದ್ಧದ ವೆಚ್ಚ ಯೋಜನೆಯ 2021ರ ಅಂದಾಜಿನ ಪ್ರಕಾರ, 2001ರ ನಂತರದ ಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ 30,177 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಅದೇ ಯುದ್ಧಗಳ ಕಾರ್ಯಾಚರಣೆಗಳಲ್ಲಿ ಸತ್ತವರು 7,057. ಯಾವ ಯುದ್ಧ ಸ್ಮಾರಕದ ಗೋಡೆಯಲ್ಲೂ ಆ ಮೊದಲ ಸಂಖ್ಯೆಯ ಹೆಸರುಗಳಿಗೆ ಸಾಮಾನ್ಯವಾಗಿ ಜಾಗವಿರುವುದಿಲ್ಲ.

ಮಡಿದ ಜೊತೆಗಾರನ ಮನೆಗೆ ಹೋಗಬೇಕೆಂದಿದ್ದೇನೆ, ಇಪ್ಪತ್ತು ವರ್ಷವಾಯಿತು, ಧೈರ್ಯವಿಲ್ಲ. ಈಗ ಹೋದರೆ ಗಾಯ ಕೆದಕಿದಂತಾಗುವುದೇ?

ತಡವಾಯಿತೆಂದು ಹಿಂಜರಿಯಬೇಡಿ. 'ಅವರಿಗೆ ಮಗನಿಲ್ಲ, ನಾನು ಕಣ್ಣೆದುರು ಹೋಗಿ ನಿಂತರೆ ಹೇಗೆ' ಎಂಬುದೇ ಹೆಚ್ಚಿನವರ ಅಳುಕು. ಆದರೆ ಆ ಮನೆಯವರ ಬಳಿ ಇರುವುದು ಅಧಿಕೃತ ಪತ್ರದ ನಾಲ್ಕು ಸಾಲು ಮಾತ್ರ. ಮಗ ಕೊನೆಯ ತಿಂಗಳುಗಳಲ್ಲಿ ಹೇಗಿದ್ದ, ಯಾರ ಜೊತೆ ನಗುತ್ತಿದ್ದ, ಮನೆಯ ಬಗ್ಗೆ ಏನು ಹೇಳುತ್ತಿದ್ದ ಎಂಬುದನ್ನು ತಿಳಿಸಬಲ್ಲವರು ನೀವೊಬ್ಬರೇ.

ಮೊದಲು ಪತ್ರ ಬರೆಯಿರಿ ಅಥವಾ ಫೋನ್ ಮಾಡಿ, ಒಪ್ಪಿಗೆ ಕೇಳಿ. ಇದ್ದಕ್ಕಿದ್ದಂತೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಬೇಡವೆಂದರೆ ಗೌರವಿಸಿ. ಹೋದಾಗ ಅವನ ಬದುಕಿನಿಂದ ಮಾತು ಶುರುಮಾಡಿ, ಸಾವಿನಿಂದ ಬೇಡ. ಅವನು ಹೇಗೆ ಸತ್ತ ಎಂದು ಅವರೇ ಕೇಳಿದರೆ ಸುಳ್ಳು ಹೇಳಬೇಡಿ, ಆದರೆ ಕೇಳಿದಷ್ಟಕ್ಕೇ ಉತ್ತರಿಸಿ. ನರಳಿದನೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ನಿಮ್ಮ ತಪ್ಪೊಪ್ಪಿಗೆಯನ್ನು ಮಾತ್ರ ಆ ತಾಯಿಯ ಮಡಿಲಿಗೆ ಹಾಕಬೇಡಿ. ಕ್ಷಮಿಸುವ ಹೊರೆ ಅವರದ್ದಾಗಬಾರದು. ಅದನ್ನು ಸಮಾಲೋಚಕರ ಬಳಿಯೋ ತುಕಡಿಯ ಹಳೆಯ ಗೆಳೆಯರ ಬಳಿಯೋ ಹೇಳಿಕೊಳ್ಳಿ.

ನಾನು ಯುದ್ಧವನ್ನು ಒಪ್ಪುವುದಿಲ್ಲ. ಸ್ಮರಣೆಯಲ್ಲಿ ಪಾಲ್ಗೊಂಡರೆ ಯುದ್ಧವನ್ನು ಬೆಂಬಲಿಸಿದಂತೆ ಆಗುವುದಿಲ್ಲವೇ?

ಇಲ್ಲ. ಯುದ್ಧವನ್ನು ಅತ್ಯಂತ ಕಟುವಾಗಿ ಖಂಡಿಸಿದವರಲ್ಲಿ ಅಲ್ಲಿಂದ ಮರಳಿದವರೇ ಇದ್ದಾರೆ. ಹ್ಯಾರಿ ಪ್ಯಾಚ್ 2004ರಲ್ಲಿ ಬೆಲ್ಜಿಯಂಗೆ ಹೋಗಿ, ಅದೇ ಕದನದಲ್ಲಿ ಎದುರು ಪಕ್ಷದಲ್ಲಿ ಹೋರಾಡಿದ್ದ ಚಾರ್ಲ್ಸ್ ಕುಂಟ್ಸ್ ಎಂಬ ವೃದ್ಧರನ್ನು ಭೇಟಿಯಾಗಿ ಕೈಕುಲುಕಿದರು. ಜಪಾನಿನ ಒಕಿನಾವಾದಲ್ಲಿ 1995ರಲ್ಲಿ ಕಟ್ಟಿದ ಶಾಂತಿ ಸ್ಮಾರಕದ ಮೇಲೆ ಆ ಕದನದಲ್ಲಿ ಸತ್ತ ಜಪಾನೀಯರು, ಅಮೆರಿಕನ್ನರು, ಕೊರಿಯನ್ನರು, ಸೈನಿಕರು, ಸಾಮಾನ್ಯ ನಾಗರಿಕರು ಸೇರಿ 2,40,000ಕ್ಕೂ ಹೆಚ್ಚು ಹೆಸರುಗಳಿವೆ. ಉತ್ತರ ಫ್ರಾನ್ಸಿನಲ್ಲಿ 2014ರಲ್ಲಿ ತೆರೆದ 'ಸ್ಮರಣೆಯ ಉಂಗುರ' ಎಂಬ ಸ್ಮಾರಕದಲ್ಲಿ ಮೊದಲ ಮಹಾಯುದ್ಧದಲ್ಲಿ ಆ ಪ್ರದೇಶದಲ್ಲಿ ಮಡಿದ ಸುಮಾರು 5,80,000 ಮಂದಿಯ ಹೆಸರುಗಳು ದೇಶ, ದರ್ಜೆ ನೋಡದೆ ವರ್ಣಮಾಲೆಯ ಕ್ರಮದಲ್ಲಿವೆ. ಕೊಂದವನ ಹೆಸರೂ ಸತ್ತವನ ಹೆಸರೂ ಒಂದೇ ಫಲಕದಲ್ಲಿ ಇರಬಹುದು.

ಸತ್ತವರನ್ನು ಚುನಾವಣೆಯ ಭಾಷಣಕ್ಕೆ, ದ್ವೇಷಕ್ಕೆ ಬಳಸುವುದನ್ನು ನಾನು ವಿರೋಧಿಸುತ್ತೇನೆ. ಮರಳಿ ಬಂದವರಲ್ಲೂ ಎಷ್ಟೋ ಮಂದಿ ವಿರೋಧಿಸುತ್ತಾರೆ, ನನಗಿಂತ ಹೆಚ್ಚು ಸಿಟ್ಟಿನಿಂದ.

ಸ್ಮರಣೆಯ ಕಾರ್ಯಕ್ರಮ ಏರ್ಪಡಿಸುತ್ತಿದ್ದೇವೆ. ಏನೇನು ಗಮನಿಸಬೇಕು?

ಹೆಸರುಗಳನ್ನು ಓದಿ. ಒಂದೊಂದನ್ನೂ ಮೊದಲೇ ಮನೆಯವರಿಂದ ಕೇಳಿ ಸರಿಯಾಗಿ ಉಚ್ಚರಿಸಲು ಅಭ್ಯಾಸ ಮಾಡಿ. ತಪ್ಪಾಗಿ ಕರೆದ ಹೆಸರು ಮುಂದಿನ ಸಾಲಿನಲ್ಲಿ ಕುಳಿತ ತಾಯಿಗೆ ಇಡೀ ದಿನ ಕೊರೆಯುತ್ತದೆ. ವಯಸ್ಸು ಹೇಳಿ. ಭಾಷಣಗಳನ್ನು ಕಡಿಮೆ ಮಾಡಿ, ಎಳೆ ಮಕ್ಕಳನ್ನೂ ವೃದ್ಧರನ್ನೂ ಬಿಸಿಲಿನಲ್ಲಿ ನಿಲ್ಲಿಸಬೇಡಿ.

ಪಟಾಕಿ, ಗುಂಡಿನ ಸದ್ದು, ಯುದ್ಧದ ವಿಡಿಯೊ ಬೇಡ. ಸಾಂಪ್ರದಾಯಿಕವಾಗಿ ಕುಶಾಲು ತೋಪು ಹಾರಿಸಲೇಬೇಕಿದ್ದರೆ ಯಾವ ಗಳಿಗೆಯಲ್ಲಿ ಎಂದು ಎಲ್ಲರಿಗೂ ಮುಂಚೆಯೇ ತಿಳಿಸಿ. ನಿವೃತ್ತ ಯೋಧರಿಗೆ ಬಾಗಿಲ ಹತ್ತಿರ, ಬೆನ್ನಿಗೆ ಗೋಡೆಯಿರುವಂತೆ ಆಸನ ಇಡಿ. ಏಕೆಂದು ಅವರು ಕೇಳುವುದಿಲ್ಲ, ಬಂದ ಕೂಡಲೇ ಗಮನಿಸುತ್ತಾರೆ. ಮೈಕ್ ಮುಂದೆ ಹಠಾತ್ತನೆ ಕರೆಯಬೇಡಿ. ಮಾತನಾಡಲು ಒಪ್ಪಿದ್ದರೂ ಕೊನೆಯ ಗಳಿಗೆಯಲ್ಲಿ ಬೇಡ ಅಂದರೆ ಹಾಗೇ ಬಿಡಿ.

ಕಾರ್ಯಕ್ರಮ ಮುಗಿದ ಸಂಜೆ ಅವರಿಗೆ ಎಲ್ಲಕ್ಕಿಂತ ಕಷ್ಟದ ಸಮಯ. ಕುರ್ಚಿಗಳನ್ನು ಎತ್ತಿಡುವ ಗಡಿಬಿಡಿಯಲ್ಲಿ ಅವರು ಒಬ್ಬರೇ ಹೊರಟುಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ನಿಮ್ಮಲ್ಲಿ ಒಬ್ಬರು ವಹಿಸಿಕೊಳ್ಳಿ, ಮರುದಿನ ಬೆಳಿಗ್ಗೆ ಒಂದು ಫೋನ್ ಮಾಡಿ.